ಬೆನ್ನಿಗೆ ಬಂದ ಸೆರಗು

ಜಲಜತ್ತಿಗೆಯ ತಾಯಿಯ ರೇಷ್ಮೆ ಸೀರೆಯನ್ನು ಹಾಳು ಮಾಡಿದವಳು ನಾನು. ಅವರು ಬೇಡವೆಂದು ಗುರುತು ಹಾಕಿದ್ದ ಜಾಗಕ್ಕೇ ಕತ್ತರಿ ಇಟ್ಟೆ, ಆ ಗುರುತನ್ನು ಕಿತ್ತು ಎಸೆದೆ, ಕೇಳಿದಾಗ ಸುಳ್ಳು ಹೇಳಿದೆ. ಇಷ್ಟೇ ಆಗಿದ್ದರೆ ಒಂದು ಸೀರೆಯ ವಿಷಯ ಎಂದು ಬಿಟ್ಟುಬಿಡಬಹುದಿತ್ತೇನೋ. ಆದರೆ ಅತ್ತಿಗೆ ತಪ್ಪೆಲ್ಲ ತಮ್ಮದೇ ಎಂದುಕೊಂಡರು. ತಮಗೆ ಗೊತ್ತಿದ್ದ ಒಂದು ವಿದ್ಯೆಯನ್ನೇ ಕೈಬಿಟ್ಟರು. ನಾನು ಅದನ್ನು ನೋಡುತ್ತ ಇದ್ದೆ — ವರ್ಷಗಟ್ಟಲೆ, ಅವರ ಮನೆಯ ಕಾಫಿ ಕುಡಿಯುತ್ತ, ಅವರ ಪಕ್ಕದಲ್ಲೇ ಕೂತು.

ಅವರು ಯಾರು, ಎಂಥವರು ಎಂದು ಮೊದಲು ಹೇಳುತ್ತೇನೆ. ಅದು ಗೊತ್ತಾಗದೆ ನಾನು ಕಳೆದದ್ದೇನು ಎಂದು ಗೊತ್ತಾಗುವುದಿಲ್ಲ.

ಜಲಜತ್ತಿಗೆ ನನ್ನ ಅಣ್ಣನ ಹೆಂಡತಿ. ಬಾಳೂರಿನ ಕಡೆ ಅವರದು ಸಣ್ಣ ಕಾಫಿ ತೋಟ. ನನ್ನ ಗಂಡ ಅಲ್ಲೇ ಕೆಳಗಿನ ಒಂದು ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್. ಮಧ್ಯಾಹ್ನದ ಊಟ ಮುಗಿಸಿ ನಾನು ಬಟ್ಟೆಯ ಚೀಲ ಹಿಡಿದು ಏರು ಹತ್ತಿ ಅಣ್ಣನ ಮನೆಗೆ ಹೋದರೆ, ಕಿಟಕಿಯ ಪಕ್ಕದ ಹೊಲಿಗೆ ಮಿಷನ್ನಿನ ಹತ್ತಿರ ಆಗಲೇ ಯಾರಾದರೂ ಬಂದು ಕೂತಿರುತ್ತಿದ್ದರು. ನಮ್ಮ ಕಡೆ ಮನೆಯಲ್ಲೇ ಹೊಲಿದುಕೊಳ್ಳುವ ಹೆಂಗಸರು ಬಹಳ. ಹೊಲಿಯುವುದನ್ನು ಹೇಗೋ ಕಲಿಯಬಹುದು. ಏನು ಹೊಲಿಯಬೇಕು, ಈ ಬಟ್ಟೆಗೆ ಯಾವ ಮಾದರಿ, ಈ ಮೈಗೆ ಯಾವ ಕಟಿಂಗ್ ಎಂದು ಆರಿಸುವುದು — ಅದು ಅತ್ತಿಗೆಗೆ ಬರುತ್ತಿದ್ದ ಹಾಗೆ ಬೇರೆ ಯಾರಿಗೂ ಬಂದದ್ದನ್ನು ನಾನು ಕಂಡಿಲ್ಲ.

ಯಾರು ಬಟ್ಟೆ ತಂದರೂ ಅವರು ಮೊದಲು ಟೇಪು ಎತ್ತಿಕೊಳ್ಳುತ್ತಿರಲಿಲ್ಲ. "ಇದನ್ನ ಹಾಕ್ಕೊಂಡು ಏನ್ ಮಾಡ್ತೀರಿ?" ಎಂದು ಕೇಳುತ್ತಿದ್ದರು. ಬಂದವರಿಗೆ ನಗು. ಅತ್ತಿಗೆ ನಗುತ್ತಿರಲಿಲ್ಲ. ಅಂಗನವಾಡಿಯ ಟೀಚರೊಬ್ಬರು ಮೈಗೆ ಅಂಟುವ ಕುರ್ತಾದ ಫೋಟೋ ತಂದಾಗ, "ನೀವು ದಿನವಿಡೀ ನೆಲದ ಮೇಲೆ ಮಕ್ಕಳ ಜೊತೆ ಕೂತೇಳ್ತೀರಲ್ಲ, ಸೊಂಟದ ಹತ್ರ ಸಡಿಲ ಇರೋದು ಆರಿಸ್ಕೊಳಿ, ಸ್ಲಿಟ್ಟು ಒಂಚೂರು ಮೇಲಿಂದ ಬರ್ಲಿ" ಎಂದರು. ಕಾಫಿ ಕೊಯ್ಯಲು ಹೋಗುವ ಗಿರಿಜಕ್ಕ ಗಂಡನ ಹಳೆಯ ಶರ್ಟನ್ನು ಬ್ಲೌಸು ಮಾಡಿಕೊಳ್ಳಲು ಕೇಳಿದಾಗ ಬೇಡವೆಂದು, ಅದನ್ನೇ ಸೀರೆಯ ಮೇಲೆ ತೊಡುವ ಅಂಗಿ ಮಾಡಲು ಹೇಳಿದರು. ತೋಳಿನ ತುದಿಗೆ ಬಿಗಿಯಾದ ಗುಂಡಿ, ಚಗಳಿ ಇರುವೆ ಒಳಗೆ ಹೋಗದ ಹಾಗೆ. ಆ ವರ್ಷ ಕೊಯ್ಲು ಮುಗಿಯುವುದರೊಳಗೆ ಕೂಲಿ ಲೈನಿನ ಅರ್ಧ ಹೆಂಗಸರ ಮೈಮೇಲೆ ಅದೇ ಅಂಗಿ.

ಹೊಸದಾಗಿ ಮದುವೆಯಾಗಿ ಬಂದ ಹುಡುಗಿಯೊಬ್ಬಳು ಸುರುವಿಗೇ ಲೈನಿಂಗ್ ಬ್ಲೌಸು ಹೊಲಿಯುತ್ತೇನೆಂದು ಹಟ ಹಿಡಿದಿದ್ದಳು. "ಮೊದ್ಲು ದಿಂಬಿನ ಕವರು ಹೊಲಿ ಮಾರಾಯ್ತಿ" ಎಂದರು ಅತ್ತಿಗೆ. "ನೆಟ್ಟಗೆ ಹೊಲಿಗೆ ಬರ್ಲಿ. ಆಮೇಲೆ ಲಂಗ, ಆಮೇಲೆ ನೈಟಿ. ಸುರುವಲ್ಲೇ ಸೋತ್ರೆ ಮಿಷನ್ನಿಗೆ ಬಟ್ಟೆ ಮುಚ್ಚಿ ಇಟ್ಬಿಡ್ತೀಯ. ಬ್ಲೌಸು ಎಲ್ಲಿಗೂ ಓಡಿ ಹೋಗಲ್ಲ." ಆ ಹುಡುಗಿ ಈಗ ಮೂಡಿಗೆರೆಯಲ್ಲಿ ಮದುಮಕ್ಕಳ ಬ್ಲೌಸು ಹೊಲಿಯುತ್ತಾಳೆ.

ಅತ್ತಿಗೆ ಬಟ್ಟೆಯ ಒಂದು ಮೂಲೆ ಹಿಡಿದು ಕೆಳಗೆ ಇಳಿಬಿಡುತ್ತಿದ್ದರು. ಅದು ಬೀಳುವ ರೀತಿಯನ್ನೇ ನೋಡುತ್ತ ಸುಮ್ಮನೆ ನಿಲ್ಲುತ್ತಿದ್ದರು. "ಇದು ಬಿರುಸು, ನೆರಿಗೆ ಕೂರಲ್ಲ, ನೇರ ಕಟಿಂಗೇ ಇರ್ಲಿ." ಆಮೇಲೆ ಹಳೆಯ ಪತ್ರಿಕೆಗಳನ್ನು ಅಂಟಿಸಿ, ಪೆನ್ಸಿಲಿನಲ್ಲಿ ಗೆರೆ ಎಳೆದು, ಪೇಪರ್ ಕಟಿಂಗ್ ಮಾಡಿಕೊಡುತ್ತಿದ್ದರು. ಹೊಲಿಗೆ ಬಾರದವರ ಬಟ್ಟೆ ನನ್ನ ಪಾಲಿಗೆ. ಆರಿಸುವುದು ಅವರು, ಕಾಗದವಿಟ್ಟು ಬಟ್ಟೆ ಕತ್ತರಿಸಿ ಹೊಲಿಯುವುದು ನಾನು. ನನ್ನ ಹೊಲಿಗೆ ಅಚ್ಚುಕಟ್ಟು — ಇದನ್ನು ಅತ್ತಿಗೆಯೇ ಎಲ್ಲರೆದುರು ಹೇಳುತ್ತಿದ್ದರು. ಆದರೆ ಬಟ್ಟೆ ತೊಟ್ಟವರು ಕನ್ನಡಿಯ ಮುಂದೆ ನಿಂತು ಹೇಳುತ್ತಿದ್ದದ್ದು ಒಂದೇ: "ಜಲಜಕ್ಕ ಎಷ್ಟು ಚೆಂದ ಆರಿಸಿದ್ದಾರಲ್ಲ!"

ನನಗೆ ಅದು ಚುಚ್ಚುತ್ತಿತ್ತು. ಸಣ್ಣದಾಗಿ — ಇಲ್ಲ, ಸಣ್ಣದಾಗಿ ಅಲ್ಲ.

ಅತ್ತಿಗೆಯ ಮಗಳು ಶ್ರಾವಣಿ ಆಗ ಮೂಡಿಗೆರೆಯಲ್ಲಿ ಪಿಯುಸಿ ಓದುತ್ತಿದ್ದಳು. ಕಾಲೇಜಿನ ವಾರ್ಷಿಕೋತ್ಸವದಲ್ಲಿ ಪ್ರಾರ್ಥನೆ ಹಾಡುವ ಅವಕಾಶ ಸಿಕ್ಕಿತು. ಅಜ್ಜಿಯ ಸೀರೆಯಲ್ಲೇ ಉದ್ದ ಗೌನು ಬೇಕು ಎಂದಳು. ಅತ್ತಿಗೆಯ ತಾಯಿ ಹೋದ ಮೇಲೆ ಅವರದೆಂದು ಉಳಿದದ್ದು ಆ ಒಂದು ಸೀರೆ: ನೇರಳೆ ಬಣ್ಣ, ಸೆರಗಿನ ತುಂಬ ಜರಿಯ ನವಿಲು. ಟ್ರಂಕಿನಲ್ಲಿ ಮಡಿಸಿಟ್ಟಲ್ಲೇ ಇತ್ತು. ಕತ್ತರಿಸುವುದೋ ಬೇಡವೋ ಎಂದು ಅತ್ತಿಗೆ ಬಹಳ ದಿನ ಯೋಚಿಸಿದರು. ಕೊನೆಗೆ, "ಟ್ರಂಕಲ್ಲಿದ್ದು ಏನಾಗ್ಬೇಕು, ಮೊಮ್ಮಗಳ ಮೈಮೇಲೆ ಬರ್ಲಿ" ಎಂದರು.

ಶ್ರಾವಣಿ ಫೋನಿನಲ್ಲಿ ತೋರಿಸಿದ್ದು ಮೈಗೆ ಬಿಗಿಯಾಗಿ, ಕೆಳಗೆ ಛತ್ರಿಯಂತೆ ಅರಳುವ ಗೌನು. ಅತ್ತಿಗೆ ಮಗಳ ತಲೆ ಸವರಿ, "ಈ ರೇಷ್ಮೆಗೆ ವಯಸ್ಸಾಗಿದೆ ಮಗಾ. ಬಿಗಿ ಮಾಡಿದ್ರೆ ತಡೆಯಲ್ಲ" ಎಂದು, ಭುಜದಿಂದ ಸಡಿಲವಾಗಿ ಇಳಿಯುವ ಒಂದು ಮಾದರಿ ಆರಿಸಿದರು. ಸೀರೆಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಮಡಿಕೆಯಲ್ಲಿ ಎಳೆ ಸವೆದ ಕಡೆಯೆಲ್ಲ ಬಿಳಿಯ ದಾರ ಓಡಿಸಿ ಗುರುತು ಮಾಡಿದರು. ನನ್ನ ಕೈಗೆ ಕೊಡುವಾಗ ಹೇಳಿದರು, "ರೇಖಾ, ದಾರ ಇರೋದು ಯಾವುದೂ ಮೈಗೆ ಬರೋದು ಬೇಡ. ಸೆರಗು ಕೆಳಗೆ ಘೇರಿಗೆ, ಅಗಲ ಆಗೋ ಕಡೆ ಹೋಗ್ಲಿ. ಅಲ್ಲಿ ಎಳೆತ ಇಲ್ಲ."

ನನ್ನ ಮನೆಯ ನೆಲದ ಮೇಲೆ ಸೀರೆ ಹಾಸಿ ಅವರ ಕಾಗದಗಳನ್ನು ಇಡುತ್ತಿದ್ದೆ. ಬೆನ್ನಿನ ತುಂಡನ್ನು ಸೆರಗಿನ ಮೇಲೆ ಇಟ್ಟು ನೋಡಿದೆ — ಸುಮ್ಮನೆ, ನೋಡೋಣ ಎಂದು. ಎರಡು ನವಿಲು ಎದುರುಬದುರಾಗಿ ಬೆನ್ನಿನ ನಡುವೆ ಸರಿಯಾಗಿ ಕೂತವು. ಎಷ್ಟು ಚೆಂದ ಕಂಡಿತೆಂದರೆ... ಬಿಳಿಯ ದಾರ ಅವುಗಳ ಕೊರಳಿನ ಮೇಲೆಯೇ ಅಡ್ಡ ಹಾದಿತ್ತು. ರೇಷ್ಮೆಯನ್ನು ಎಳೆದು ನೋಡಿದೆ. ಗಟ್ಟಿಯಾಗಿದೆ ಅನ್ನಿಸಿತು. ಅತ್ತಿಗೆಗೆ ಅಮ್ಮನ ಸೀರೆಯೆಂದು ಅತಿ ಹೆದರಿಕೆ ಎಂದು ನನಗೆ ನಾನೇ ಹೇಳಿಕೊಂಡೆ. ನಿಜ ಬೇರೆ. ವೇದಿಕೆಯ ಮೇಲೆ ಹುಡುಗಿ ತಿರುಗಿದಾಗ ಜನ ಆ ನವಿಲುಗಳನ್ನು ನೋಡಿ, ಇದನ್ನು ಹೊಲಿದವರು ಯಾರು ಎಂದು ಕೇಳಬೇಕಿತ್ತು. ಒಂದು ಸಲವಾದರೂ.

ದಾರ ಕಿತ್ತೆ. ಕತ್ತರಿಸಿದೆ.

ಹೊಲಿದು ತಂದ ಗೌನನ್ನು ಅತ್ತಿಗೆ ಕೈಯಲ್ಲಿ ಹಿಡಿದು ತಿರುಗಿಸಿದರು. ಮುಖ ಅರಳಿತು, ತಕ್ಷಣ ಹುಬ್ಬು ಗಂಟಾಯಿತು.

"ಸೆರಗು ಬೆನ್ನಿಗೆ ಹೇಗ್ ಬಂತು ರೇಖಾ? ಅಲ್ಲಿ ದಾರ ಹಾಕಿದ್ದೆನಲ್ಲ?"

"ದಾರ ಬಿಟ್ಟೇ ಕತ್ತರಿಸಿದ್ದು ಅತ್ತಿಗೆ. ಒಂಚೂರು ಪಕ್ಕಕ್ಕೆ ಸರಿಸಿದೆ, ಜಾಗ ಸಿಕ್ತು."

ಅವರು ಮತ್ತೆ ಕೇಳಲಿಲ್ಲ. ಒಳಗೆ ಲೈನಿಂಗ್ ಬಂದಿದ್ದರಿಂದ ಬೆಳಕಿಗೆ ಹಿಡಿದು ನೋಡುವ ಹಾಗೂ ಇರಲಿಲ್ಲ. "ನನಗೆ ಹೊಳೀಲೇ ಇಲ್ಲ ನೋಡು. ನೀನು ನನಗಿಂತ ಚೆಂದ ಜೋಡಿಸಿದ್ದೀಯ" ಎಂದರು. ಆ ಮಾತಿಗೆ ನಾನು ಎಷ್ಟು ವರ್ಷದಿಂದ ಕಾದಿದ್ದೆ! ಅದು ಸಿಕ್ಕಿದ್ದು ಹೀಗೆ.

ವಾರ್ಷಿಕೋತ್ಸವದ ದಿನ ನಾವೆಲ್ಲ ಮುಂದಿನ ಸಾಲಿನಲ್ಲಿ ಕೂತಿದ್ದೆವು. ಶ್ರಾವಣಿ ವೇದಿಕೆಯ ಮೇಲಿದ್ದ ಮೂರ್ತಿಯ ಕಡೆ ತಿರುಗಿ, ತಲೆಯ ಮೇಲೆ ಕೈ ಎತ್ತಿ ಮುಗಿದಳು. ಪರ್ರೆಂದಿತು. ಮೈಕು ಹತ್ತಿರವಿತ್ತು, ಇಡೀ ಸಭೆಗೆ ಕೇಳಿಸಿತು. ಒಂದು ಭುಜದಿಂದ ಇನ್ನೊಂದು ಭುಜದವರೆಗೆ ರೇಷ್ಮೆ ಬಾಯಿ ಬಿಟ್ಟು, ಒಳಗಿನ ಬಿಳಿಯ ಲೈನಿಂಗ್ ಕಂಡಿತು. ಹಿಂದಿನ ಸಾಲುಗಳಲ್ಲಿ ನಗು ಎದ್ದಿತು. ಶ್ರಾವಣಿಯ ಗೆಳತಿಯೊಬ್ಬಳು ಓಡಿಹೋಗಿ ತನ್ನ ದುಪಟ್ಟಾ ಹೊದಿಸಿದಳು. ಆ ಹುಡುಗಿ ಕಣ್ಣೀರು ಇಳಿಯುತ್ತಿದ್ದರೂ ಪ್ರಾರ್ಥನೆಯನ್ನು ಪೂರ್ತಿ ಹಾಡಿದಳು. ಒಂದು ಸ್ವರವೂ ಬಿಡಲಿಲ್ಲ. ತಾಯಿಗೆ ತಕ್ಕ ಮಗಳು.

ಕೆಳಗೆ ಬಂದವಳನ್ನು ಅಪ್ಪಿಕೊಂಡು ಅತ್ತಿಗೆ ಹರಿದ ಕಡೆ ಬೆರಳಾಡಿಸಿದರು. "ಇಲ್ಲೂ ಮಡಿಕೆ ಇತ್ತು. ನಾನು ನೋಡೇ ಇಲ್ಲ" ಎಂದರು. ಸುತ್ತ ಸೇರಿದವರ ಮುಂದೆ, ಅಣ್ಣನ ಮುಂದೆ, ಗಟ್ಟಿಯಾಗಿಯೇ ಹೇಳಿದರು, "ತಪ್ಪು ನಂದು. ಹೊಲಿಗೆದ್ದಲ್ಲ. ನನ್ನ ಕಣ್ಣಿಗೆ ಕಾಣದೆ ಹೋಯ್ತು."

ಹೊಲಿಗೆದ್ದಲ್ಲ. ನನ್ನನ್ನು ಕಾಪಾಡಲೆಂದು ಹೇಳಿದ ಮಾತು ಅದು. ಆಗ ನಾನು ಬಾಯಿ ತೆರೆಯಬೇಕಿತ್ತು. ತೆರೆದೆ ಕೂಡ — "ಇರ್ಲಿ ಬಿಡಿ ಅತ್ತಿಗೆ" ಎಂದೆ.

ಅದಾದ ಮೇಲೆ ಯಾರು ಬಟ್ಟೆ ತಂದರೂ ಅವರು, "ನನಗೆ ಕಣ್ಣು ಸರಿಯಿಲ್ಲ, ಪೇಟೇಲಿ ಟೈಲರ್ ಹತ್ರ ಕೇಳಿ" ಎನ್ನತೊಡಗಿದರು. ಅಣ್ಣ ಚಿಕ್ಕಮಗಳೂರಿಗೆ ಕರೆದುಕೊಂಡು ಹೋಗಿ ಕಣ್ಣಿನ ಡಾಕ್ಟರಿಗೂ ತೋರಿಸಿದ. ಏನೂ ತೊಂದರೆಯಿಲ್ಲ ಎಂದರಂತೆ. ಅತ್ತಿಗೆ ನಂಬಲಿಲ್ಲ. ಮನೆಯಲ್ಲಿ ಹರಿದದ್ದನ್ನು ಹೊಲಿಯುವುದು, ದಿಂಬಿಗೆ ಗವಸು ಹಾಕುವುದು, ಅಷ್ಟಕ್ಕೇ ನಿಂತರು. ಇತ್ತ ನನ್ನ ಮನೆಗೆ ಹೊಲಿಗೆ ಕಲಿಯಲು ಹುಡುಗಿಯರು ಬರತೊಡಗಿದರು. ಅವರಿಗೆ ನಾನು ಹೇಳಿಕೊಟ್ಟದ್ದೆಲ್ಲ ಅತ್ತಿಗೆಯ ಮಾತೇ. ಎಷ್ಟು ತಿಳಿದಿದ್ದೀರಿ ಎಂದು ಹುಡುಗಿಯರು ಹೊಗಳಿದರೆ ಸುಮ್ಮನಿರುತ್ತಿದ್ದೆ.

ಕಳೆದ ವರ್ಷ, ಕಾಫಿ ಕೊಯ್ಲಿನ ಸಮಯ. ಕಲಿಯಲು ಬರುವ ಆಶಾ ತನ್ನ ಅಮ್ಮನ ಹಳೆಯ ಸೀರೆಯೊಂದನ್ನು ತಂದಳು. ನಿಶ್ಚಿತಾರ್ಥಕ್ಕೆ ಅದರಲ್ಲೇ ಏನಾದರೂ ಹೊಲಿದುಕೊಳ್ಳಬೇಕು, ಏನು ಹೊಲಿಯಲಿ ಎಂದಳು. ಸೀರೆಯನ್ನು ಬೆಳಕಿಗೆ ಹಿಡಿದು ನೋಡಿದೆ. ನನಗೆ ಗೊತ್ತಾಗಲಿಲ್ಲ. ನಿಜವಾಗಿ ಗೊತ್ತಾಗಲಿಲ್ಲ. ಅವಳನ್ನು ಕರೆದುಕೊಂಡು ಅತ್ತಿಗೆಯ ಮನೆಗೆ ಹೋದೆ.

ಅತ್ತಿಗೆ ಅಂಗಳದಲ್ಲಿ ಹರಡಿದ್ದ ಕಾಫಿಯನ್ನು ಕಾಲಿನಿಂದ ಮಗುಚುತ್ತಿದ್ದರು. ಸೀರೆಯ ಕಡೆ ಆಸೆಯಿಂದ ನೋಡಿದರು, ಕೈ ಚಾಚಲಿಲ್ಲ. "ಬೇಡ ಮಗಾ. ನಾನು ಆರಿಸಿ ನಮ್ಮ ಹುಡುಗಿಗೆ ಎಲ್ಲರೆದುರು ಅವಮಾನ ಆಯ್ತು. ನಿನ್ನ ಶುಭಕಾರ್ಯ, ನನ್ನ ಕಣ್ಣು ನಂಬಬೇಡ."

ಅಲ್ಲೇ ಹೇಳಿದೆ. ಆಶಾಳ ಎದುರಿಗೇ. ದಾರ ಕಿತ್ತದ್ದು, ನವಿಲಿನ ಆಸೆ, ಅವರು ಕೇಳಿದಾಗ ಹೇಳಿದ ಸುಳ್ಳು — ಎಲ್ಲ. ಹೇಳುವಾಗ ಅತ್ತೆನೋ ಇಲ್ಲವೋ ನೆನಪಿಲ್ಲ. ಅತ್ತಿಗೆ ಅಳಲಿಲ್ಲ, ಬೈಯಲಿಲ್ಲ. ಕಾಫಿಯ ನಡುವೆ ನಿಂತಲ್ಲೇ ನಿಂತಿದ್ದರು. "ಹಾಗಾದ್ರೆ ನಾನು ಸರಿಯಾಗೇ ನೋಡಿದ್ದೆ" ಎಂದರು, ತಮಗೆ ತಾವೇ. ಆಮೇಲೆ ನನ್ನ ಕಡೆ ತಿರುಗಿ ಕೇಳಿದರು:

"ಇಷ್ಟು ವರ್ಷ ನಾನು ಆರಿಸ್ದೆ ವಾಪಸ್ ಕಳ್ಸಿದ ಬಟ್ಟೆಗೆಲ್ಲ ಏನ್ ಮಾಡ್ತೀಯ ರೇಖಾ?"

ನಾನು ಆಶಾಳ ಕೈಯಲ್ಲಿದ್ದ ಸೀರೆಯ ಕಡೆ ನೋಡಿದೆ.

"ಶ್ರಾವಣಿಗೆ ನಾನು ಹೇಳಲ್ಲ. ನೀನೇ ಹೋಗಿ ಹೇಳು" ಎಂದು ಒಳಗೆ ಹೋದರು.

ಶ್ರಾವಣಿ ಈಗ ಕಳಸದಲ್ಲಿ ಟೀಚರು. ಆ ಭಾನುವಾರವೇ ಬಸ್ಸು ಹತ್ತಿದೆ. ಅವಳು ಪೂರ್ತಿ ಕೇಳಿಸಿಕೊಂಡಳು. "ಹರಿದದ್ದು ನನಗೆ ಯಾವತ್ತೋ ಮರ್ತುಹೋಗಿದೆ ಅತ್ತೆ" ಎಂದಳು. "ಆದ್ರೆ ಅಮ್ಮ ಎಲ್ಲರೆದುರು ತಪ್ಪು ನಂದು ಅಂತ ಹೇಳ್ವಾಗ ನೀವು ಪಕ್ಕದಲ್ಲೇ ಇದ್ರಿ."

ಇದ್ದೆ.

ಅತ್ತಿಗೆ ಆಮೇಲೆ ಆಶಾಳಿಗೆ ಫೋನು ಮಾಡಿ ಸೀರೆ ತರಲು ಹೇಳಿದರಂತೆ. ನನಗೆ ಹೇಳಿ ಕಳಿಸಲಿಲ್ಲ. ಹೊಲಿಯಲು ಮೂಡಿಗೆರೆಯ ಆ ಹಳೆಯ ಹುಡುಗಿಗೆ ಕೊಡಿಸಿದರು, ದಿಂಬಿನ ಕವರಿನಿಂದ ಸುರು ಮಾಡಿದವಳಿಗೆ. ಅದೇ ಸರಿ. ನನ್ನ ಕೈಗೆ ಮತ್ತೆ ಬಟ್ಟೆ ಕೊಡಬೇಕೆಂದು ನಾನು ಕೇಳುವ ಹಾಗಿಲ್ಲ.

ನಿಶ್ಚಿತಾರ್ಥಕ್ಕೆ ಹೋಗಿದ್ದೆ. ಆಶಾ ಬಂದಳು. ಅತ್ತಿಗೆ ಹಳೆಯ ಸೀರೆಯನ್ನು ಗೌನೂ ಮಾಡಿರಲಿಲ್ಲ, ಲಂಗವನ್ನೂ ಮಾಡಿರಲಿಲ್ಲ. ಹೊಸ ತೆಳು ಬಟ್ಟೆಯ ಲಂಗದ ಮೇಲೆ ತೊಡುವ, ಮುಂದೆ ತೆರೆದ, ಮೊಣಕಾಲಿನವರೆಗೆ ಇಳಿಯುವ ಕೋಟು ಮಾಡಿಸಿದ್ದರು. ಎಲ್ಲೂ ಬಿಗಿಯಿಲ್ಲ, ಎಲ್ಲೂ ಎಳೆತವಿಲ್ಲ. ಅವಳು ಬಾಗಿ ಹಿರಿಯರ ಕಾಲಿಗೆ ನಮಸ್ಕರಿಸಿದಾಗ ಆ ಹಳೆಯ ರೇಷ್ಮೆ ಅವಳ ಜೊತೆಗೇ ಬಾಗಿ, ಜೊತೆಗೇ ಎದ್ದಿತು. ನಾನು ನೋಡುತ್ತಲೇ ನಿಂತೆ. ಇಷ್ಟು ಕಾಲ ಸುಮ್ಮನಿದ್ದ ಆ ಕಣ್ಣು ಎಂಥದ್ದನ್ನು ಕಂಡಿತಲ್ಲ — ಹೊಟ್ಟೆಯುರಿ ಇಲ್ಲದೆ, ಬರಿಯ ಬೆರಗಿನಿಂದ ನಾನು ಅದನ್ನು ನೋಡಿದ್ದು ಅದೇ ಮೊದಲು.

ಪಕ್ಕದಲ್ಲಿದ್ದ ಹೆಂಗಸೊಬ್ಬರು, "ಎಷ್ಟು ಚೆಂದ ಇದೆ! ನೀವು ಹೊಲಿಗೆ ಹೇಳಿಕೊಡ್ತೀರಲ್ಲ, ನಿಮ್ದೇನಾ?" ಎಂದರು.

ಅಲ್ಲ ಎಂದೆ. ನಮ್ಮ ಜಲಜತ್ತಿಗೆ ಆರಿಸಿದ್ದು ಎಂದೆ. ಅವರು ಆರಿಸುವುದನ್ನು ನಡುವೆ ಬಹಳ ವರ್ಷ ಬಿಟ್ಟಿದ್ದರು ಎಂದೆ. ಯಾಕೆ ಬಿಟ್ಟಿದ್ದರು ಎಂದು ಆಕೆ ಕೇಳಲಿಲ್ಲ. ಆದರೂ ಹೇಳಿದೆ.