ಓಡಿಹೋಗುವವರ ಬ್ಯಾರಕ್

ಹವಾಲ್ದಾರ ತಾನು ಬರೆದ ಸಾಲನ್ನು ಹೊಡೆದುಹಾಕಿದ್ದನ್ನು ನಾನು ಕಂಡೆನೋ, ಕಾಣಬೇಕೆಂದು ಬಯಸಿದೆನೋ, ಇಂದಿಗೂ ಖಾತ್ರಿಯಿಲ್ಲ. ಹೊಡೆದುಹಾಕಿದ ಎಂದು ಕಾಕಿ ಹೇಳುತ್ತಾಳೆ. ಅವಳ ಮಾತನ್ನೇ ನಾನು ನನ್ನ ನೆನಪೆಂದು ಇಟ್ಟುಕೊಂಡಿರಬಹುದು.

ಹೊಲದ ಬದುವಿನ ಜಗಳದಲ್ಲಿ ಒಬ್ಬರು ಸತ್ತು, ಅಪ್ಪನ ತಮ್ಮನಾದ ಕಾಕಾನಿಗೆ ಶಿಕ್ಷೆಯಾಗಿತ್ತು. ಪೊಲೀಸರು ಅವನನ್ನು ಹಿಡಿದದ್ದು ಮಿರಜಿನಲ್ಲಿ, ಕಾಕಿಯ ತವರುಮನೆಯಲ್ಲಿ. ಗಡಿಯಂಚಿನ ಕಾಗವಾಡದ ಕಡೆಯವರಾದ ನಮಗೆ ಮಿರಜ ಎಂದರೆ ದವಾಖಾನೆ, ಬೀಗರ ಮನೆ. ಕಾಗದದಲ್ಲಿ ಮಾತ್ರ ಅದು ಹೊರರಾಜ್ಯ. ಹಾಗಾಗಿ ಜೈಲು ಸೇರಿದಾಗಲೇ ಅವನನ್ನು ತಪ್ಪಿಸಿಕೊಳ್ಳುವ ಸಂಭವವಿರುವವರ ವರ್ಗಕ್ಕೆ ಹಾಕಿದ್ದರು. ಆ ಬ್ಯಾರಕ್‌ನವರಿಗೆ ಹೊರಗಿನ ಕೆಲಸವಿಲ್ಲ. ಬಯಲಲ್ಲೇ ದುಡಿದು ಬೆಳೆದವನು, ನಾವು ಮುಲಾಖತ್ತಿಗೆ ಹೋದಾಗಲೆಲ್ಲ ಬಿಸಿಲು ಹೇಗಿದೆ ಎಂದು ಕೇಳುತ್ತಿದ್ದ. ವರ್ಗವನ್ನು ಮರುಪರಿಶೀಲಿಸುವ ಸಮಿತಿಯಿದೆ, ಅದು ಒಪ್ಪಿದರೆ ತೋಟದ ಕೆಲಸ ಸಿಗುತ್ತದೆ ಎಂದು ತಿಳಿದು ನಾನೇ ಅರ್ಜಿ ಬರೆದೆ. ನನ್ನ ಸಮಾಜಶಾಸ್ತ್ರದ ಎಂ.ಎ. ಅಲ್ಲಿಯವರೆಗೆ ಮನೆಗೆ ಬೇರೆ ಯಾವ ಉಪಯೋಗಕ್ಕೂ ಬಂದಿರಲಿಲ್ಲ.

ಅರ್ಜಿಯ ಮೇಲೆ ಊರಿನಲ್ಲಿ ವಿಚಾರಿಸಿ ಸಮಿತಿಗೆ ವರದಿ ಕಳಿಸಲು ಹವಾಲ್ದಾರ ಬಂದ. ಕಟ್ಟೆಯ ಮೇಲೆ ಕೂತು, ಚಹಾ ಬೇಡವೆಂದ. ಎದುರು ಪಾರ್ಟಿಯವರ ತಕರಾರೇನು, ಮನೆ ನಡೆಸುವವರು ಯಾರು ಎಂದೆಲ್ಲ ಕೇಳಿದ. ನಾನು ನಡುವೆ ಬಾಯಿ ಹಾಕಿದೆ; ನಿಮ್ಮನ್ನು ಕೇಳಿಲ್ಲ ಎಂದ. ಕೊನೆಗೆ, ಮಿರಜಿನಲ್ಲಿ ಯಾರಿದ್ದಾರೆ ಎಂದ.

"ನನ್ನ ತವರ್ರಿ," ಎಂದಳು ಕಾಕಿ.

"ಹಂಗಾರ ಹೊರರಾಜ್ಯದಾಗ ಆಸರಾ ಐತಿ ಅಂತ ಬರೀಬೇಕಾಕ್ಕೈತಿ, ಅಕ್ಕಾರ."

ಪೆನ್ನು ಓಡಿತು. ಕಾಕಿ ಅದನ್ನೇ ನೋಡುತ್ತಿದ್ದಳು.

"ನಿಮ್ಮ ಮನ್ಯಾಗಿನವರ ತವರು ಯಾವೂರ್ರಿ, ಸಾಹೇಬ್ರ?"

ಅವನು ತಡೆದು, ಜತ್ತ ಎಂದ. ಅದೂ ಗಡಿಯಾಚೆಯ ಊರೇ.

"ಮತ್ತ ನೀವು ಹಬ್ಬಕ್ಕ ಅಲ್ಲಿ ಹೋದ್ರ, ಸಾಹೇಬ್ರು ಓಡಿಹೋದ್ರು ಅಂತ ಬರೀತಾರೇನ್ರಿ?"

ಇವನಿಗೆ ಸಿಟ್ಟು ಬಂದರೆ ಕಾಕಾನ ಕಥೆ ಅಲ್ಲಿಗೆ ಮುಗಿಯಿತು. ಅವನು ನಗಲೂ ಇಲ್ಲ, ಬಯ್ಯಲೂ ಇಲ್ಲ. ಹಾಳೆಯತ್ತ ಬಗ್ಗಿದ. ಪೆನ್ನು ಮತ್ತೊಮ್ಮೆ ಆಡಿತು. ಅದು ಆ ಸಾಲನ್ನು ಹೊಡೆದುಹಾಕಿತೇ ಎಂಬುದರಲ್ಲಿ ನನ್ನ ಕಣ್ಣನ್ನು ನಾನೇ ನಂಬುವುದಿಲ್ಲ.

ವರದಿ ಹೋಯಿತು. ಕಾದೆವು. ಕಾಕಾನ ಬ್ಯಾರಕ್ ಬದಲಾಗಲಿಲ್ಲ. ತಾನು ಆ ಮಾತು ಆಡಿದ್ದಕ್ಕೇ ಕೆಲಸ ಕೆಟ್ಟಿತೆಂದು ಕಾಕಿ ಕೊರಗತೊಡಗಿದಾಗ, ನಾನು ಜೈಲಿನ ಕಚೇರಿಗೇ ಹೋಗಿ ಕೇಳಿದೆ. ಅಲ್ಲಿಯ ಅಧಿಕಾರಿಯಿಂದ ಒಂದು ಸಂಗತಿಯನ್ನು ಮಾತ್ರ ಖಚಿತಪಡಿಸಿಕೊಂಡು ಬಂದೆ: ಹವಾಲ್ದಾರ ನಮ್ಮ ಮನೆಗೆ ಬರುವ ಹಿಂದಿನ ವಾರವೇ ಸಮಿತಿ ಸೇರಿ, ಕಾಕಾನನ್ನು ಅದೇ ವರ್ಗದಲ್ಲಿ ಉಳಿಸಿತ್ತು.