ಹುಲ್ಲಿನ ಲೋಡು, ಇಂಜಿನಿಯರ ಗೆರೆ

ಗೆಳೆಯರೇ, ಬೆಳಿಗ್ಗೆ ನಮ್ಮೂರ ರೈಲ್ವೆ ಗೇಟಿಗೆ ಒಬ್ಬ ಇಂಜಿನಿಯರು ಬಂದಿದ್ದರು. ಗೇಟು ಮುಚ್ಚಿ ಹಳಿಯ ಕೆಳಗೆ ದಾರಿ ಮಾಡುತ್ತಾರಂತೆ. ಏಣಿ ಹತ್ತಿ ಗೇಟಿನ ಕಂಬದ ಮೇಲೊಂದು ಗೆರೆ ಎಳೆದು, "ದಾರಿ ಇಷ್ಟು ಎತ್ತರ ಇರುತ್ತೆ. ಟ್ರಾಕ್ಟರು ಆರಾಮಾಗಿ ಹೋಗುತ್ತೆ" ಎಂದರು.

ಆರು ಹಸು ಸಾಕಿರುವ ನಮ್ಮತ್ತೆ ಕಾಳಮ್ಮ, ಕೆ.ಆರ್.ಪೇಟೆ ಕಡೆಯಿಂದ ಹುಲ್ಲು ಹೇರಿಕೊಂಡು ಬಂದಿದ್ದ ಟ್ರಾಕ್ಟರನ್ನೇ ತರಿಸಿ ಕಂಬದ ಪಕ್ಕ ನಿಲ್ಲಿಸಿದರು. ಹುಲ್ಲು ಗೆರೆಗಿಂತ ಎರಡು ಮೊಳ ಮೇಲಿತ್ತು.

"ಸ್ವಲ್ಪ ಕಮ್ಮಿ ಹೇರಿ ಅಮ್ಮ," ಎಂದರು ಇಂಜಿನಿಯರು.

"ನಿಮ್ ಗೆರೆನೇ ಒಸಿ ಮ್ಯಾಕೆ ಎಳೀರಿ ಸಾಮಿ. ಅಲ್ಲೀಗಂಟ ಈ ಟ್ರಾಕ್ಟರು ಅಳ್ಳಾಡಕಿಲ್ಲ."

ಮೇಲಿನವರನ್ನು ಕೇಳಿ ಬರುತ್ತೇನೆಂದು ಅವರು ಹೋದರು. ಸಂಜೆಯಾಯಿತು. ಅತ್ತೆ ಹಸುಗಳನ್ನೂ ಅಲ್ಲಿಗೇ ತಂದು ಕಟ್ಟಿದ್ದಾರೆ. ಬೇಗ ಬನ್ನಿ ಸ್ವಾಮಿ, ತಿಂದು ತಿಂದು ಅವೇ ಲೋಡನ್ನು ನಿಮ್ಮ ಗೆರೆಗೆ ಇಳಿಸಿಬಿಟ್ಟಾವು!