ಎಮ್ಮೆಗೊಂದು ಪಾರ್ಟಿ ಹಾಲ್

ಮಕ್ಕಳ ಹುಟ್ಟುಹಬ್ಬದಲ್ಲಿ ಮಕ್ಕಳದೇನೂ ನಡೆಯುವುದಿಲ್ಲ ಎಂಬ ಸತ್ಯ ನನಗೆ ತಿಳಿದದ್ದು ನನ್ನ ಮಗಳಿಗೆ ಆರು ತುಂಬುವ ಹೊತ್ತಿಗೆ. ಅಲ್ಲಿಯವರೆಗೆ ನಾನು, ಲಕ್ಷ್ಮೇಶ್ವರದ ಪ್ರೌಢಶಾಲೆಯೊಂದರ ಗಣಿತದ ಮಾಸ್ತರ, ಇದು ಬಹಳ ಸುಲಭದ ಲೆಕ್ಕ ಎಂದೇ ತಿಳಿದಿದ್ದೆ. ಒಂದು ಮಗು, ಒಂದು ಕೇಕು, ಒಂದು ಚಾಕು. ನಾಲ್ಕು ಜನ ಚಪ್ಪಾಳೆ ತಟ್ಟಿದರೆ ಮುಗಿಯಿತು. ಆದರೆ ಆ ನಾಲ್ಕು ಜನ ಎಲ್ಲಿ ನಿಂತು ಚಪ್ಪಾಳೆ ತಟ್ಟಬೇಕು ಎಂಬ ಪ್ರಶ್ನೆ ಎದ್ದಿತು ನೋಡಿ, ಅಲ್ಲಿಂದ ನನ್ನ ಬೀಜಗಣಿತ, ರೇಖಾಗಣಿತ ಎರಡೂ ಕೈಕೊಟ್ಟವು.

ನಮ್ಮ ಕಾಲದಲ್ಲಿ ಈ ತೊಂದರೆ ಇರಲಿಲ್ಲ. ನಾನು ಹುಟ್ಟಿದ್ದು ಯಾವ ದಿನ ಎಂಬುದು ಬೆಳ್ಳಟ್ಟಿಯ ನಮ್ಮ ಮನೆಯಲ್ಲಿ ಯಾರಿಗೂ ಖಚಿತವಾಗಿ ಗೊತ್ತಿಲ್ಲ. ಅವ್ವನನ್ನು ಕೇಳಿದರೆ, "ಶೇಂಗಾ ಕೀಳಾಕ ಆಳು ಬಂದಿದ್ರು. ಅವತ್ತ ನೀನೂ ಬಂದಿ" ಎನ್ನುತ್ತಾಳೆ, ನಾನೂ ಕೂಲಿಗೆ ಬಂದವನ ಹಾಗೆ. ಶಾಲೆಗೆ ಸೇರಿಸುವಾಗ ಹೆಡ್‌ಮಾಸ್ತರರು ಜೂನ್ ಒಂದು ಎಂದು ಬರೆದುಕೊಂಡರು. ನನ್ನ ತರಗತಿಯ ಅಷ್ಟೂ ಹುಡುಗರು ಹುಟ್ಟಿದ್ದು ಜೂನ್ ಒಂದರಂದೇ. ನನ್ನ ಸ್ವಂತ ಅಣ್ಣನೂ ಅದೇ ದಿನ. ಅಷ್ಟು ಜನರಿಗೆ ಒಟ್ಟಿಗೆ ಕೇಕು ಮಾಡಿಕೊಡುವ ಬೇಕರಿ ಶಿರಹಟ್ಟಿ ತಾಲೂಕಿನಲ್ಲಿ ಇರಲಿಲ್ಲವಾದ್ದರಿಂದ ಯಾರೂ ಏನೂ ಆಚರಿಸಲಿಲ್ಲ. ಎಲ್ಲರೂ ಬೆಳೆದೆವು. ದೊಡ್ಡ ನಷ್ಟವೇನೂ ಆದಂತೆ ಕಾಣಲಿಲ್ಲ.

ನನ್ನ ಮಗಳು ಸಾನ್ವಿಯ ಸಂಗತಿ ಬೇರೆ. ಅವಳು ಹುಟ್ಟಿದ ದಿನ, ಗಂಟೆ, ತೂಕ ಎಲ್ಲವೂ ನಮ್ಮ ಇಡೀ ಬೀಗರ ಬಳಗಕ್ಕೆ ಬಾಯಿಪಾಠ. ಹಾಗಾಗಿ ಡಿಸೆಂಬರ್ ಬರುತ್ತಿದ್ದಂತೆ ಫೋನುಗಳು ಶುರುವಾದವು. ಮೊದಲನೆಯದು ಬೆಟಗೇರಿಯ ನಮ್ಮ ಅಕ್ಕನದು. ಶಕುಂತಲಾ ಅವಳ ಹೆಸರು, ಶಕ್ಕಕ್ಕ ಎಂದು ಕರೆಯುತ್ತೇವೆ. ಗಂಡನದು ಸೀರೆ ಅಂಗಡಿ. ಆಕೆ ಉಟ್ಟ ಸೀರೆಯನ್ನು ಎರಡನೇ ಸಲ ಉಟ್ಟದ್ದನ್ನು ಕಂಡವರಿಲ್ಲ.

"ಬಸ್ಯಾ, ಗದಗಿನ್ಯಾಗ ಹೊಸಾ ಪಾರ್ಟಿ ಹಾಲ್ ಆಗೇತಿ. ಕೂಸು ಒಳಗ ಬರೂದ ತಡ, ನೆಲದಾಗಿಂದ ಹೊಗಿ ಬರ್ತೈತಿ!"

"ಹೊಗಿ ಯಾಕಕ್ಕಾ?"

"ಚಂದ ಕಾಣತೈತಿ ಲೇ. ಮೋಡದಾಗ ನಡದು ಬಂದಂಗ."

ನಮ್ಮ ಮನೆಯಲ್ಲಿ ಹೊಗೆಯಿಂದ ಬಿಡುಗಡೆ ಸಿಗಲೆಂದು ಒಲೆ ತೆಗೆದು ಗ್ಯಾಸ್ ತಂದವಳು ಇದೇ ಅಕ್ಕ. ನಾನು ಅದನ್ನು ನೆನಪಿಸಲಿಲ್ಲ.

ಎರಡನೇ ಫೋನು ಮುಂಡರಗಿಯಿಂದ, ನನ್ನ ಮಾವನವರದು. ಅವರು ಎಣ್ಣೆಕಾಳಿನ ವ್ಯಾಪಾರಸ್ಥರು. ಹೋದ ವರ್ಷ ಮನೆಯ ಮೇಲೊಂದು ಮಹಡಿ ಎಬ್ಬಿಸಿ, ಅದರ ಮೇಲೆ ಟೈಲ್ಸ್ ಹಾಸಿದ ಮಾಳಿಗೆ, ಎಂದರೆ ತೆರೆದ ತಾರಸಿ, ಮಾಡಿಸಿದ್ದಾರೆ. ಮನೆಗೆ ಯಾರು ಬಂದರೂ ಮೊದಲು ಮಾಳಿಗೆ, ಆಮೇಲೆ ನೀರು. "ಅಳಿಯಂದ್ರ, ನಮ್ಮ ಮಾಳಗಿ ಮ್ಯಾಲ ನಿಂತ್ರ ಕಪ್ಪತಗುಡ್ಡ ಅಂಗೈಯಾಗ ಇಟ್ಟಂಗ ಕಾಣತೈತ್ರಿ. ಕೇಕ್ ಅಲ್ಲೇ ಕೊಯ್ಯಬೇಕು" ಎಂದರು. ಗುಡ್ಡಕ್ಕೂ ಕೇಕಿಗೂ ಏನು ಸಂಬಂಧ ಎಂದು ಕೇಳುವ ಧೈರ್ಯ ಯಾವ ಅಳಿಯನಿಗಿದೆ?

ಹೆಂಡತಿ ಸುಜಾತಾ ನಡುವೆ ಸಿಕ್ಕಿಬಿದ್ದಳು. ಗದಗ ಎಂದರೆ ತವರು ಮುನಿಯುತ್ತದೆ, ಮುಂಡರಗಿ ಎಂದರೆ ನಾದಿನಿ ಮುನಿಯುತ್ತಾಳೆ. ಆಕೆ ತಲೆ ಓಡಿಸಿ, "ಮಾಗಡಿ ಕೆರಿ ದಂಡಿಗೆ ಮಾಡೂಣೇನ್ರಿ? ಈಗ ಹಕ್ಕಿ ಬಂದಿರ್ತಾವು, ಹುಡುಗೂರಿಗೂ ಛಲೋ" ಎಂದಳು. ಸೂಚನೆ ಚೆನ್ನಾಗಿಯೇ ಇತ್ತು. ಆದರೆ ಹಿಮಾಲಯ ದಾಟಿ, ಇಷ್ಟು ದೂರ ರೆಕ್ಕೆ ಬಡಿದು, ಸ್ವಲ್ಪ ನೆಮ್ಮದಿಗೆಂದು ಬಂದ ಜೀವಗಳ ಕಿವಿಯ ಹತ್ತಿರ ನಾವು ಬಲೂನು ಒಡೆಯುವುದು ಸರಿಯೆ? ಅವು ಮನಸ್ಸಿಗೆ ಹಚ್ಚಿಕೊಂಡು ಹೊರಟೇ ಹೋದರೆ ಕೆಟ್ಟ ಹೆಸರು ನಮ್ಮ ಮಗಳಿಗೆ ಬರುತ್ತದೆ ಎಂದೆ. ಸುಜಾತಾ ಒಪ್ಪಿದಳು.

ಹೀಗೆ ಒಂದು ವಾರ ಕಳೆಯಿತು. ಒಂದು ಸಂಜೆ ನನಗೆ ಎಲ್ಲಿಂದಲೋ ಔದಾರ್ಯ ಉಕ್ಕಿ ಬಂತು. ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು, "ಹುಟ್ಟಿದ ಹಬ್ಬ ನಿಂದು. ನಿನಗ ಯಾರು ಬೇಕೋ ಅವರನ್ನ ಕರಿಯೂಣ. ಯಾರಿಲ್ಲದಿದ್ರ ಆಗಂಗಿಲ್ಲ, ಹೇಳು" ಎಂದೆ.

ಅವಳು ಬಹಳ ಯೋಚಿಸಲಿಲ್ಲ. "ಝೋಯಾ," ಎಂದಳು. ಝೋಯಾ ಪಕ್ಕದ ಮನೆಯ ಹುಡುಗಿ, ಇವಳ ಜೀವದ ಗೆಳತಿ. ಒಂದು ಹೆಸರು ಖರ್ಚಿಲ್ಲದೆ ಮುಗಿಯಿತು.

"ಮತ್ತ?"

"ಮತ್ತ ಗಂಗಿ."

ಗಂಗಿ ಎಂದರೆ ಬೆಳ್ಳಟ್ಟಿಯ ನಮ್ಮ ಅಣ್ಣನ ಮನೆಯ ಎಮ್ಮೆ.

ಬೇಸಿಗೆ ರಜೆ ಪೂರ್ತಿ ಸಾನ್ವಿ ಅಲ್ಲಿದ್ದಳು. ಬೆಳಿಗ್ಗೆ ಎದ್ದರೆ ಗಂಗಿಗೆ ಹಲ್ಲುಜ್ಜಿದೆಯಾ ಎಂದು ಕೇಳುವುದರಿಂದ ಹಿಡಿದು, ಮಧ್ಯಾಹ್ನ ಅದರ ಮಗ್ಗುಲಿಗೆ ಒರಗಿ ಅಕ್ಷರ ತಿದ್ದುವವರೆಗೆ ಇಬ್ಬರದೂ ಒಂದೇ ದಿನಚರಿ. ನಾನು ಗಣಿತದ ಮಾಸ್ತರ. ಮಗಳು ಐದರವರೆಗಿನ ಮಗ್ಗಿ ಒಪ್ಪಿಸಿದ್ದು ಎಮ್ಮೆಗೆ. ಅದು ಎಲ್ಲಿಯೂ ತಡೆದು ತಪ್ಪು ತೋರಿಸಲಿಲ್ಲವಂತೆ. ಅದಕ್ಕೇ ಇಷ್ಟವಂತೆ.

ದೊಡ್ಡವರಿಗೆ ಕೊಟ್ಟ ಮಾತನ್ನು ಹೇಗಾದರೂ ಜಾರಿಸಬಹುದು. ಅವರಿಗೆ ನೂರೆಂಟು ಕೆಲಸ. ಆರು ವರ್ಷದವರಿಗೆ ಬೇರೇನು ಕೆಲಸ? ಅವರು ನಿಮ್ಮ ಮಾತನ್ನು ಹಿಡಿದುಕೊಂಡೇ ಕೂತಿರುತ್ತಾರೆ. ಮರುದಿನ ಶಾಲೆಯಿಂದ ಬರುತ್ತಿದ್ದಂತೆ, "ಪಪ್ಪಾ, ಗಂಗಿಗೆ ಹೇಳಿದಿ?" ಎಂದಳು. ಅದರ ಮರುದಿನವೂ. ಆಮೇಲೆ ಕೇಳುವುದನ್ನು ಬಿಟ್ಟು ಸುಮ್ಮನೆ ನನ್ನ ಮುಖ ನೋಡತೊಡಗಿದಳು. ಅದು ತಡೆಯಲಾಗಲಿಲ್ಲ.

ಭಾನುವಾರ ಗದಗಿಗೆ ಹೋಗಿ ಅಕ್ಕ ಹೇಳಿದ ಹಾಲ್ ನೋಡಿದೆ. ಎರಡನೇ ಮಹಡಿ. ಮ್ಯಾನೇಜರ್ ಟೈ ಕಟ್ಟಿದ ಸಭ್ಯ ಯುವಕ. ಹೊಗೆ ಬಿಟ್ಟು ತೋರಿಸಿದ. ಇಬ್ಬರೂ ಸ್ವಲ್ಪ ಕೆಮ್ಮಿದೆವು.

"ಎಷ್ಟ ಮಂದಿ ಆಕ್ಕೀರಿ ಸರ್?"

"ನಲವತ್ತು. ಮತ್ತ... ಒಂದು ಎಮ್ಮಿ."

ಆತ ಕಣ್ಣು ಮಿಟುಕಿಸಲಿಲ್ಲ. "ವೇಷದವ್ರು ಬೇಕೇನ್ರಿ? ಕರಡಿ ಐತ್ರಿ ಸರ್, ಮೊಲ ಐತ್ರಿ. ಎಮ್ಮಿ ಇಲ್ಲ. ಬೇಕಾದ್ರ ಕರಡಿಗೇ ಕೋಡು ಹಚ್ಚಿ ಕೊಡ್ತೀವಿ."

"ವೇಷ ಅಲ್ಲಪಾ. ಖರೇ ಎಮ್ಮಿ."

ಈಗ ಆತ ನನ್ನನ್ನು ಸರಿಯಾಗಿ ನೋಡಿದ. ನಾನು ಇಸ್ತ್ರಿ ಹಾಕಿದ ಅಂಗಿ ತೊಟ್ಟಿದ್ದೆ, ಕನ್ನಡಕವೂ ಇತ್ತು. ಹುಚ್ಚನಲ್ಲ ಎಂದು ತೀರ್ಮಾನಿಸಿದ ಮೇಲೆ ಬಹಳ ವಿನಯದಿಂದ ಹೇಳಿದ: "ಲಿಫ್ಟ್ ತಡಿಯಂಗಿಲ್ರಿ ಸರ್."

ನನಗೆ ನಿಜಕ್ಕೂ ಸಂತೋಷವಾಯಿತು. ಆತ ಬೇಡ ಅನ್ನಲಿಲ್ಲ, ನಗಲಿಲ್ಲ. ಅಡಚಣೆ ಬರೀ ಯಂತ್ರದ್ದು.

ಅದೇ ಉತ್ಸಾಹದಲ್ಲಿ ಮುಂಡರಗಿಗೆ ಫೋನು ಮಾಡಿದೆ. ಮಾವನವರು ನಗುತ್ತಾರೆಂದುಕೊಂಡೆ, ಅವರು ಮೆಟ್ಟಿಲಿನ ಅಗಲ ಲೆಕ್ಕ ಹಾಕುತ್ತಿದ್ದರು. "ಎಮ್ಮಿ ಮೆಟ್ಲಾ ಹತ್ತತೈತ್ರಿ ಅಳಿಯಂದ್ರ," ಎಂದರು ಕೊನೆಗೆ, "ಖರೆ ಇಳಿಯಂಗಿಲ್ಲ. ಮಾಳಗಿ ಮ್ಯಾಲ ಎಮ್ಮಿ ಇಟ್ಕೊಂಡು ನಾ ಏನ್ ಮಾಡ್ಲಿ?" ಮೊಮ್ಮಗಳ ಮೇಲಿನ ಅವರ ಪ್ರೀತಿಯ ಆಳ ನನಗೆ ಗೊತ್ತಾದದ್ದು ಅಂದೇ. ಬಂದ ಮಂದಿಗೆ ಗುಡ್ಡದ ಜೊತೆ ಎಮ್ಮೆಯನ್ನೂ ತೋರಿಸುವ ಯೋಚನೆ ಅವರಿಗೆ ಒಂದು ಗಳಿಗೆಯಾದರೂ ಬಂದಿತ್ತು.

ಎಮ್ಮೆ ಎಲ್ಲಿಗೂ ಬರುವ ಹಾಗಿಲ್ಲ ಎಂದಮೇಲೆ ಉಳಿದದ್ದು ನಾವೇ ಎಮ್ಮೆಯ ಹತ್ತಿರ ಹೋಗುವುದು. ಬೆಳ್ಳಟ್ಟಿ ಎಂದು ಘೋಷಿಸಿದೆ. ಅಣ್ಣ ನಕ್ಕ. ಅವ್ವ, "ಬರ್ರಿ ಎಲ್ಲಾರೂ, ಹುಗ್ಗಿ ಮಾಡ್ತೀನಿ" ಎಂದಳು. ಶಕ್ಕಕ್ಕ ಮಾತ್ರ ಸಿಡಿದಳು.

"ನಮ್ಮ ಮಂದಿ ಶಗಣ್ಯಾಗ ನಿಂತು ಕೇಕ್ ತಿನ್ನಬೇಕೇನೋ? ಹುಟ್ಟಿದಾಕಿ ನಿನ್ನ ಮಗಳೋ, ಎಮ್ಮಿನೋ? ನಾ ಬರಂಗಿಲ್ಲ."

ಫೋನು ಇಟ್ಟಳು. ನಾಲ್ಕು ದಿನ ನನ್ನ ಫೋನು ಎತ್ತಲಿಲ್ಲ. ನನಗೆ ನಿಜವಾಗಿ ದುಃಖವಾಯಿತು. ಸಣ್ಣವನಿದ್ದಾಗ ನನ್ನನ್ನು ಸೊಂಟದ ಮೇಲೆ ಹೊತ್ತು ತಿರುಗಿದವಳು ಅವಳು. ಅವಳಿಲ್ಲದ ಹಬ್ಬಕ್ಕೆ ಎಮ್ಮೆ ಬಂದರೇನು, ಆನೆ ಬಂದರೇನು? ಆದರೆ ಹುಟ್ಟುಹಬ್ಬದ ದಿನ ಮಧ್ಯಾಹ್ನ ಬೆಳ್ಳಟ್ಟಿಯ ಮನೆಯ ಮುಂದೆ ಕಾರು ನಿಂತಿತು. ನವಿಲು ಬಣ್ಣದ ರೇಷ್ಮೆ ಸೀರೆಯಲ್ಲಿ ಅಕ್ಕ ಇಳಿದಳು. ಕೈಯಲ್ಲಿ ಕೇಕಿನ ದೊಡ್ಡ ಡಬ್ಬಿ. ನನ್ನ ಕಡೆ ನೋಡದೆ, "ಕೂಸಿನ ಮಾರಿ ನೋಡಿ ಬಂದೀನಿ" ಎಂದು ಒಳಗೆ ನಡೆದಳು.

ಅಣ್ಣ ದನದ ಕೊಟ್ಟಿಗೆಯನ್ನು ತೊಳೆದು, ಸುಣ್ಣ ಬಳಿದು, ಬಾಗಿಲಿಗೆ ತೋರಣ ಕಟ್ಟಿದ್ದ. ಗೂಟ ಗೂಟಕ್ಕೂ ಬಲೂನು. ಗಂಗಿಯ ಕೋಡಿಗೆ ಸಾನ್ವಿ ತಾನೇ ರಿಬ್ಬನ್ ಸುತ್ತಿದ್ದಳು. ಎಮ್ಮೆ ಎಂದಿನ ಗಾಂಭೀರ್ಯದಲ್ಲಿ ಮೆಲುಕು ಹಾಕುತ್ತಿತ್ತು. ಮಂಡಕ್ಕಿಯ ಗಿರ್ಮಿಟ್ ಕಲಸುತ್ತಿದ್ದರು, ಮಿರ್ಚಿ ಎಣ್ಣೆಯಲ್ಲಿ ಬೀಳುತ್ತಿತ್ತು, ಮಾವನವರು ಬಿಳಿ ಧೋತರ ಉಟ್ಟು ಕುರ್ಚಿಯಲ್ಲಿ ಕೂತು ಯಾರಿಗೋ ತಮ್ಮ ಮಾಳಿಗೆಯ ಸಂಗತಿ ಹೇಳುತ್ತಿದ್ದರು. ಎಲ್ಲವೂ ಸರಿಯಾಗಿತ್ತು. ಆಗ ನನಗೆ ಸ್ಪೀಕರ್ ಪರೀಕ್ಷಿಸುವ ಬುದ್ಧಿ ಬಂತು.

ಬಾಡಿಗೆ ಸ್ಪೀಕರ್. ಧ್ವನಿ ಎಷ್ಟರಲ್ಲಿದೆ ಎಂದು ನೋಡದೆ ಗುಂಡಿ ಒತ್ತಿದೆ. ಹುಟ್ಟುಹಬ್ಬದ ಹಾಡು ಸಿಡಿಲಿನ ಹಾಗೆ ಬಂತು. ಗಂಗಿ ಒಮ್ಮೆ ಜಿಗಿಯಿತು, ಹಗ್ಗ ಹರಿಯಿತು. ಬಾಲವನ್ನು ಧ್ವಜದ ಹಾಗೆ ಎತ್ತಿ, ರಿಬ್ಬನ್ ಹಾರಿಸುತ್ತ, ಗಿರ್ಮಿಟ್ ಬುಟ್ಟಿಯನ್ನು ದಾಟಿ ಓಣಿಗೆ ಇಳಿಯಿತು. ಅಷ್ಟು ವೇಗ ಅದರಲ್ಲಿತ್ತೆಂದು ಅಣ್ಣನಿಗೂ ಗೊತ್ತಿರಲಿಲ್ಲವಂತೆ.

ನಾವು ಹೋಗಿ ನೋಡುವಷ್ಟರಲ್ಲಿ ಅದು ಊರ ಹೊರಗಿನ ಕೆರೆಯಲ್ಲಿ, ಕುತ್ತಿಗೆಯವರೆಗೆ ನೀರಿನಲ್ಲಿ, ಆರಾಮಾಗಿ ಕೂತಿತ್ತು. ಅಣ್ಣ ಧೋತರ ಕಟ್ಟಿ ನೀರಿಗಿಳಿದು ಎಳೆದ. ಎಮ್ಮೆ ಇನ್ನೆರಡು ಮಾರು ಒಳಗೆ ಸರಿಯಿತು. ಅವ್ವ ದಂಡೆಯಲ್ಲಿ ನಿಂತು, "ಬಾ ನನ್ನವ್ವಾ, ಹಿಂಡಿ ಕೊಡ್ತೀನಿ" ಎಂದು ಕರೆದಳು. ಅದು ಕಿವಿ ಮಾತ್ರ ಆಡಿಸಿತು. ತಪ್ಪು ನನ್ನದೇ ಆದ್ದರಿಂದ ನಾನೂ ಪ್ಯಾಂಟು ಮಡಚಿ ಇಳಿದೆ. ಕೆಸರಿನಲ್ಲಿ ಕಾಲು ಹೂತು, ಕೂತೇಬಿಟ್ಟೆ. ಎಮ್ಮೆಯೂ ನಾನೂ ಮುಖಾಮುಖಿ. ನನ್ನನ್ನು ಗುರುತಿಸಿತೆಂದು ಕಾಣುತ್ತದೆ, ಮುಖ ತಿರುಗಿಸಿತು.

ಮನೆಗೆ ಹೊರಳಿ ಬಂದೆವು. ಹೊತ್ತು ಇಳಿಯುತ್ತಿತ್ತು. ಕೇಕಿನ ಮೇಲಿನ ಗುಲಾಬಿ ಹೂಗಳು ಒಂದು ಮಗ್ಗುಲಿಗೆ ಜಾರತೊಡಗಿದ್ದವು. "ಜಲ್ದಿ ಕೊಯ್ಯವ್ವಾ," ಎಂದರು ಯಾರೋ. ಸಾನ್ವಿ ಚಾಕು ಹಿಡಿಯಲಿಲ್ಲ. ಕೊಟ್ಟಿಗೆಯಲ್ಲಿ ಖಾಲಿ ಗೂಟದ ಪಕ್ಕ ನಿಂತಿದ್ದಳು. ಅವಳ ಕೈ ಹಿಡಿದು ಝೋಯಾ. ಅತ್ತರೆ ಸಮಾಧಾನ ಮಾಡಬಹುದು. ಅವಳು ಅಳುತ್ತಿರಲಿಲ್ಲ, ತುಟಿ ಬಿಗಿಹಿಡಿದಿದ್ದಳು. "ನಾ ಅಕಿನ್ನ ಕರದಿದ್ದೆ," ಎಂದಳು ಸಣ್ಣ ದನಿಯಲ್ಲಿ. "ಪಪ್ಪಾ ಓಡಿಸಿದ."

ಇಡೀ ಸಭೆ ನನ್ನ ಕಡೆ ನೋಡಿತು. ನನ್ನ ಪ್ಯಾಂಟಿನಿಂದ ಕೆಸರು ತೊಟ್ಟಿಕ್ಕುತ್ತಿತ್ತು.

ಶಕ್ಕಕ್ಕ ಎದ್ದಳು. ಬೈಯುತ್ತಾಳೆಂದು ಸಿದ್ಧನಾದೆ. ಅವಳು ರೇಷ್ಮೆ ಸೀರೆಯ ನಿರಿಗೆಗಳನ್ನು ಎತ್ತಿ ಸೊಂಟಕ್ಕೆ ಸಿಕ್ಕಿಸಿದಳು, ಕೇಕಿನ ಹಲಗೆಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡಳು.

"ನೋಡ್ಕೋತ ಏನ್ ನಿಂತೀರಿ? ಅಕಿ ಇಲ್ಲಿಗೆ ಬರಂಗಿಲ್ಲ ಅಂದ್ರ ನಾವ ಅಲ್ಲಿಗೆ ಹೋಗೂಣ. ಏಳ್ರಿ. ಗಿರ್ಮಿಟ್ ಬುಟ್ಟಿ ಹಿಡೀರಿ. ಬಸ್ಯಾ, ನೀ ಏನೂ ಮುಟ್ಟಬ್ಯಾಡ."

ಬೆಳ್ಳಟ್ಟಿಯ ಓಣಿಯಲ್ಲಿ ಅಂದು ಹೋದ ಮೆರವಣಿಗೆಯನ್ನು ನೀವು ನೋಡಬೇಕಿತ್ತು. ಮುಂದೆ ಕೇಕು ಹೊತ್ತ ಅಕ್ಕ, ಹಿಂದೆ ಬುಟ್ಟಿ, ಕೊಡ, ಕುರ್ಚಿ ಹೊತ್ತ ಬೀಗರು, ಅವರ ಹಿಂದೆ ಏನೆಂದು ಗೊತ್ತಿಲ್ಲದೆಯೂ ಸೇರಿಕೊಂಡ ಅರ್ಧ ಊರು. ಕೆರೆಯ ದಂಡೆಯಲ್ಲಿ ಬಟ್ಟೆ ಒಗೆಯುತ್ತಿದ್ದ ಹೆಣ್ಣುಮಕ್ಕಳು ಒಂದು ಕಲ್ಲನ್ನು ತೊಳೆದು ಬಿಟ್ಟುಕೊಟ್ಟರು. ಕೇಕು ಅದರ ಮೇಲೆ ಕೂತಿತು. ಮಾವನವರು ಸುತ್ತ ಕಣ್ಣಾಡಿಸಿ, "ಇಲ್ಲಿಂದಾನೂ ಗುಡ್ಡ ಕಾಣತೈತಲ್ರಿ!" ಎಂದು ಸ್ವಲ್ಪ ಬೇಸರದಿಂದಲೇ ಒಪ್ಪಿಕೊಂಡರು.

ಗಾಳಿಗೆ ಮೇಣದ ಬತ್ತಿ ನಿಲ್ಲಲಿಲ್ಲ. ಅಕ್ಕ ಸೆರಗು ಹರವಿ ಮರೆ ಮಾಡಿದಳು. ಬತ್ತಿ ನಿಂತಿತು, ಸೆರಗಿನ ಅಂಚಿಗೆ ಕಡಲೆ ಗಾತ್ರದ ತೂತು ಬಿತ್ತು. ಅವಳು ಅದನ್ನೊಮ್ಮೆ ನೋಡಿ, "ಊದವ್ವಾ, ಜಲ್ದಿ ಊದು" ಎಂದಳು, ಅಷ್ಟೆ. ಸಾನ್ವಿ ಊದಿದಳು. ಎಲ್ಲರೂ ಹಾಡಿದೆವು, ಈ ಸಲ ಬರಿಯ ಬಾಯಲ್ಲಿ, ಸಣ್ಣಗೆ, ಎಮ್ಮೆಗೆ ತೊಂದರೆಯಾಗದಂತೆ. ಗಂಗಿ ಹಾಡು ಮುಗಿಯುವವರೆಗೆ ನಮ್ಮನ್ನೇ ನೋಡುತ್ತಿತ್ತು. ಆಮೇಲೆ ಮೂಗಿನಿಂದ ಒಮ್ಮೆ ಜೋರಾಗಿ ನೀರು ಚಿಮ್ಮಿಸಿತು. ಮಕ್ಕಳು ಕೇಕೆ ಹಾಕಿದರು. ಆ ಕ್ಷಣಕ್ಕೆ ಸಾನ್ವಿಯ ಮುಖ ಹೇಗಿತ್ತೆಂದು ನಾನು ಬರೆಯಲಾರೆ.

ಮೊದಲ ತುಂಡನ್ನು ಅವಳು ಯಾರಿಗೂ ಕೊಡದೆ ನನ್ನ ಹತ್ತಿರ ತಂದಳು. ಕ್ಷಮೆ ಸಿಕ್ಕಿತೆಂದು ಬಾಯಿ ತೆರೆದೆ. "ನಿನಗಲ್ಲ ಪಪ್ಪಾ," ಎಂದಳು, "ನೀ ಹೆಂಗೂ ತೊಯ್ದೀ ಅಲಾ, ಹೋಗಿ ಅಕಿಗೆ ಕೊಟ್ಟು ಬಾ." ಮತ್ತೆ ನೀರಿಗಿಳಿದೆ. ಗಂಗಿ ಮೂಸಿ ನೋಡಿ ಬೇಡ ಎಂದಿತು. ದಂಡೆಗೆ ಬೆನ್ನು ಮಾಡಿ ನಿಂತು ನಾನೇ ತಿಂದೆ. ಮಗಳಿಗೆ ಇನ್ನೂ ಹೇಳಿಲ್ಲ, ನೀವೂ ಹೇಳಬೇಡಿ.

ದಂಡೆಗೆ ಬರುವಾಗ ಅಕ್ಕ ಫೋನಿನಲ್ಲಿದ್ದಳು. ಬೆಟಗೇರಿಯ ಯಾರೋ ದೊಡ್ಡ ಮನೆಯ ಹೆಂಗಸು, ಹಾಲ್ ಬೇಡವೆಂದದ್ದಕ್ಕೆ ಕಾರಣ ಕೇಳಿರಬೇಕು. ಒಂದು ಕೈಯಲ್ಲಿ ಮಿರ್ಚಿ, ಸೆರಗಿನ ತೂತು ಗಾಳಿಗೆ ಬಡಿಯುತ್ತಿತ್ತು.

"ಅಯ್ಯ, ಹಾಲಿನ್ಯಾಗ ಏನೈತ್ರಿ ವೈನಿ, ಬರೇ ಹೊಗಿ!" ಎನ್ನುತ್ತಿದ್ದಳು. "ನಾವು ನೀರಿನ ದಂಡಿಗೆ ಇಟ್ಕೊಂಡ್ವಿ. ಮುಂದ ಗುಡ್ಡ, ತಂಪ ಗಾಳಿ... ಹೌದ್ರಿ, ನಾನ ಹುಡುಕಿದ ಜಾಗಾ. ನಿಮ್ಮ ಮೊಮ್ಮಗಂದು ಬರೂ ತಿಂಗಳಲ್ಲೇನು? ಬರ್ರಿ, ಬರ್ರಿ. ಇಲ್ಲಿಯವ್ರು ನಮಗ ಬೇಕಾದವ್ರು, ನಾ ಒಂದು ಮಾತು ಹೇಳಿ ಇಡ್ತೀನಿ."

ಫೋನು ಇಟ್ಟು, ನೀರಿನ ನಡುವೆ ಕಣ್ಣು ಮುಚ್ಚಿ ಕೂತಿದ್ದ ಗಂಗಿಯ ಕಡೆ ತಿರುಗಿ, ಯಾರಿಗೂ ಕೇಳಿಸದಂತೆ ಒಂದು ಮಾತು ಹೇಳಿದಳು.